ಬನಿಯಾಸಿನ ಅಂಗಳದಲ್ಲಿ ಹಿಮ ತೆಗೆಯುವ ಟ್ರ್ಯಾಕ್ಟರ್

ನಮ್ಮ ಮನೆಯಲ್ಲಿ ಯಾವುದೇ ಕೆಲಸ, ಶುರು ಮಾಡಿದ ಉದ್ದೇಶಕ್ಕೇ ಮುಗಿದ ದಾಖಲೆ ಇಲ್ಲ. ದಾಖಲೆ ಇಡುವವಳು ನಾನೇ ಆದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ. ನಲ್ಲಿ ಸರಿ ಮಾಡಲು ಹೊರಟರೆ ಗೋಡೆ ಬೀಳುತ್ತದೆ. ಗೋಡೆ ಕಟ್ಟಲು ಹೊರಟರೆ ಎಲ್ಲಿಂದಲೋ ಒಂದು ಹೊಸ ನಲ್ಲಿ ಹುಟ್ಟಿಕೊಳ್ಳುತ್ತದೆ.

ನಾನು ಮಂಗಳೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವಳು. ನಮ್ಮ ಬ್ಯಾರಿ ಕುಟುಂಬದ ಹೆಣ್ಣುಮಕ್ಕಳಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಇದನ್ನು ನಾನಾಗಿ ಎಲ್ಲೂ ಹೇಳುವುದಿಲ್ಲ. ಮಾತಿನ ನಡುವೆ ಬಂದರೆ ಬಿಡುವುದೂ ಇಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಕಲಿತ ಅಭ್ಯಾಸ, ಏನು ನಡೆದರೂ ಬರೆದಿಡುವುದು: ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ. ಮದುವೆಯಾಗಿ ಗಲ್ಫಿಗೆ ಬಂದ ಮೇಲೂ ಅದನ್ನು ಬಿಟ್ಟಿಲ್ಲ. ಕರಿಬೇವು ಚಿಗುರಿದ್ದು, ಏಸಿ ಕೈಕೊಟ್ಟದ್ದು, ಯಾರು ಬಂದಾಗ ಯಾವ ಸಾರು ಮಾಡಿದ್ದು, ಎಲ್ಲ ನನ್ನ ರೆಕಾರ್ಡ್ ಪುಸ್ತಕದಲ್ಲಿ ಉಂಟು. ಈ ಕೆಳಗಿನ ಪ್ರಸಂಗಗಳೂ ಅಲ್ಲಿಯವೇ. ಯಾರೂ ಆಮೇಲೆ ತಕರಾರು ಎತ್ತುವ ಹಾಗಿಲ್ಲ. ಎತ್ತಬಹುದಾದವರ ಸಹಿ ಆಗಲೇ ಹಾಕಿಸಿಕೊಂಡಿದ್ದೇನೆ.

ಯಂತ್ರ ಉಂಟು ಎಂದದ್ದು

ಎಲ್ಲರ ಕೈಗೂ ಟಚ್ ಫೋನ್ ಬಂದ ಹೊಸತು. ನಾವಾಗ ಅಬುಧಾಬಿಯ ಬನಿಯಾಸಿನಲ್ಲಿ ಒಂದು ದೊಡ್ಡ ವಿಲ್ಲಾದ ಹಿಂಭಾಗದಲ್ಲಿ ಬಾಡಿಗೆಗೆ ಇದ್ದೆವು. ನಾವೆಂದರೆ ನಾನು, ಇವರು, ಮಗ, ಶಾಲೆಯಲ್ಲಿ ಟೀಚರ್ ಆಗಿರುವ ಸೊಸೆ. ಇವರು ಎಂದರೆ ನನ್ನ ಗಂಡ. ಜೆಬೆಲ್ ಅಲಿಯ ಗೋದಾಮುಗಳಲ್ಲಿ ಮೂವತ್ತು ವರ್ಷ ಫೋರ್ಕ್‌ಲಿಫ್ಟ್ ರಿಪೇರಿ ಮಾಡಿ, ನಿವೃತ್ತರಾಗಿ, ಮಗನ ವೀಸಾದ ಮೇಲೆ ಸುಮ್ಮನೆ ಕೂತವರು. ಸುಮ್ಮನೆ ಕೂತವರು ಎಂಬುದು ಕಾಗದದ ಮಾತು.

ವಿಲ್ಲಾದ ಮುಂಭಾಗದಲ್ಲಿ ಮನೆ ಮಾಲೀಕರ ಮಜ್ಲಿಸ್ ಇತ್ತು. ಮಜ್ಲಿಸ್ ಅಂದರೆ ನಮ್ಮ ಊರಿನ ಚಾವಡಿಯ ಹಾಗೆ, ಬಂದವರನ್ನು ಕೂರಿಸುವ ಜಾಗ. ಮಾಲೀಕರು ಅರಬಿ ಹಿರಿಯರು. ಎಲ್ಲರ ಹಾಗೆ ನಾವೂ ಅವರನ್ನು ಅರ್ಬಾಬ್, ಅಂದರೆ ಧಣಿ, ಎಂದೇ ಕರೆಯುತ್ತಿದ್ದೆವು. ಅವರ ಸ್ವಂತ ಮನೆ ಪಟ್ಟಣದಲ್ಲಿ. ಶುಕ್ರವಾರಗಳಂದು ಗೆಳೆಯರನ್ನು ಕಟ್ಟಿಕೊಂಡು ಬಂದು ಕಾಫಿ ಕುಡಿದು ಹೋಗುತ್ತಿದ್ದರು. ಹಿಂದಿ ನಮಗಿಂತ ಚೆನ್ನಾಗಿ ಮಾತಾಡುತ್ತಿದ್ದರು.

ಮಜ್ಲಿಸಿನ ಎದುರು ಗುಡಿಸುತ್ತಿದ್ದ ಕಾವಲುಗಾರ ಬೇಸಿಗೆಯ ಆರಂಭದಲ್ಲಿ ಕೆಲಸ ಬಿಟ್ಟು ಊರಿಗೆ ಹೋದ. ಒಂದೇ ವಾರದಲ್ಲಿ ಗೇಟಿನಿಂದ ಮಜ್ಲಿಸ್ ಬಾಗಿಲವರೆಗೆ ಪಾದ ಮುಳುಗುವಷ್ಟು ಮರಳು. ಅರ್ಬಾಬ್ ಬಂದು ನೋಡಿ, ಇವರನ್ನು ಕರೆದು ಹೇಳಿದರು:

"ಚಳಿಗಾಲದಲ್ಲಿ ನಿಮ್ಮ ಕಾಂಟ್ರಾಕ್ಟ್ ಮುಗಿಯುತ್ತದೆ. ನನ್ನ ಚಿಕ್ಕಪ್ಪನ ಮಗ ಈ ಮನೆ ಕೇಳುತ್ತಾ ಇದ್ದಾನೆ. ಅವನ ಹತ್ತಿರ ಗುಡಿಸುವ ಜನ ಇದ್ದಾರೆ. ನಿಮ್ಮ ಹತ್ತಿರ ಏನಿದೆ?"

"ಯಂತ್ರ ಉಂಟು, ಅರ್ಬಾಬ್," ಎಂದರು ಇವರು.

ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿದ್ದ ಯಂತ್ರಗಳು ಮಿಕ್ಸಿ, ಇಸ್ತ್ರಿಪೆಟ್ಟಿಗೆ ಮತ್ತು ನನ್ನ ಹೊಲಿಗೆ ಮೆಷಿನ್.

ನಾನು ಹಿಂದಿನ ಅಂಗಳದ ಕಡೆ ನೋಡಿದೆ. ಆ ಮನೆಯ ಹಿಂದೆ ನಾನು ಎಂಟು ವರ್ಷ ಸಾಕಿದ ಕರಿಬೇವಿನ ಮರ ಇತ್ತು, ನುಗ್ಗೆ ಇತ್ತು, ಮಲ್ಲಿಗೆ ಇತ್ತು. ಮರುಭೂಮಿಯಲ್ಲಿ ಕರಿಬೇವನ್ನು ಮರ ಮಾಡುವುದು ಮಕ್ಕಳನ್ನು ಸಾಕಿದ ಹಾಗಲ್ಲ, ಅದಕ್ಕಿಂತ ಕಷ್ಟ. ಮಕ್ಕಳು ಬಾಯಿಬಿಟ್ಟು ನೀರು ಕೇಳುತ್ತವೆ. ಅರ್ಧ ಬನಿಯಾಸಿನ ಒಗ್ಗರಣೆ ನನ್ನ ಮರದಿಂದ ನಡೆಯುತ್ತಿತ್ತು. ಮನೆ ಹೋದರೆ ಪಾತ್ರೆ ಕಟ್ಟಿಕೊಂಡು ಹೋಗಬಹುದು, ಮರ ಕಟ್ಟಿಕೊಂಡು ಹೋಗುವುದು ಹೇಗೆ?

"ಯಾವ ಯಂತ್ರ ಉಂಟು ನಿಮ್ಮ ಹತ್ತಿರ?" ಎಂದು ಕೇಳಿದೆ.

"ಆಗ್ತದೆ. ನೀನು ಬರೆದಿಟ್ಟುಕೋ," ಎಂದರು.

ಬರೆದಿಟ್ಟುಕೊಂಡೆ.

ಹತ್ತು ನಿಮಿಷ ಬಿಸಿ ಮಾಡಿ

ಮೂರನೇ ದಿನ ಜೆಬೆಲ್ ಅಲಿಯಿಂದ ಪಿಕಪ್ಪಿನಲ್ಲಿ ಒಂದು ವಸ್ತು ಬಂತು. ಸ್ಕೂಟರಿಗಿಂತ ದೊಡ್ಡದು, ಕಾರಿಗಿಂತ ಚಿಕ್ಕದು, ಎರಡಕ್ಕಿಂತಲೂ ಮುದಿಯಾದದ್ದು. ಯಾವುದೋ ಹೋಟೆಲಿನ ಹುಲ್ಲು ಕತ್ತರಿಸಿ ದಣಿದು, ಇವರ ಹಳೆಯ ಯಾರ್ಡಿನ ಮೂಲೆಯಲ್ಲಿ ಬಿದ್ದುಕೊಂಡಿದ್ದ ತೋಟದ ಟ್ರ್ಯಾಕ್ಟರ್. ಅದರ ಮೇಲೆ ಕೂತು ಓಡಿಸಬಹುದು, ಹೊಟ್ಟೆಯ ಕೆಳಗೆ ಹುಲ್ಲಿನ ಬ್ಲೇಡ್ ತಿರುಗಿಸುವ ಬೆಲ್ಟ್ ಉಂಟು.

"ಇದು ಹುಲ್ಲು ಕತ್ತರಿಸುವುದು. ನಮ್ಮಲ್ಲಿ ಹುಲ್ಲು ಎಲ್ಲಿ ಉಂಟು?" ಎಂದೆ.

ಇವರು ಫೋನ್ ತೆಗೆದು ಒಂದು ವಿಡಿಯೊ ತೋರಿಸಿದರು. ಯಾವುದೋ ಚಳಿದೇಶ. ತುಪ್ಪಳದ ಟೊಪ್ಪಿ ಹಾಕಿದ ಗಡ್ಡದವನೊಬ್ಬ ಇಂಥದೇ ಟ್ರ್ಯಾಕ್ಟರಿನ ಮೂತಿಗೆ ಮನೆಯಲ್ಲೇ ಮಾಡಿದ ಯಂತ್ರ ಕಟ್ಟಿ, ಅಂಗಳದ ಹಿಮವನ್ನು ಕಾರಂಜಿಯ ಹಾಗೆ ದೂರಕ್ಕೆ ಎಸೆಯುತ್ತಿದ್ದ. ನಿಜಕ್ಕೂ ನೋಡಲು ಚಂದವಿತ್ತು.

"ಹಿಮ ಬಿಳಿ, ಮರಳು ಕಂದು. ಬೇರೆ ಎಂತ ವ್ಯತ್ಯಾಸ ಉಂಟು ಹೇಳು," ಎಂದರು.

ನಾನು ಬಿ.ಎಸ್ಸಿ. ಓದಿದವಳು ಎಂಬುದು ಮಾತಿನ ನಡುವೆ ಬಂದೇಬಿಟ್ಟಿತು. ತೂಕ, ಸಾಂದ್ರತೆ, ಕಣದ ಗಾತ್ರ, ಕರಗುವ ಗುಣ ಎಂದು ನಾಲ್ಕು ವ್ಯತ್ಯಾಸ ಹೇಳಿದೆ.

"ನಾಲ್ಕೇ ಅಲ್ವಾ," ಎಂದು ಇವರು ಸ್ಪ್ಯಾನರ್ ಎತ್ತಿಕೊಂಡರು.

ಸೊಸೆ ವಿಡಿಯೊ ಕೊನೆಯವರೆಗೆ ನೋಡಿದಳು. "ಮಾಮಾ, ಇವನು ಕೊನೆಗೆ ಹೇಳ್ತಾನೆ, ಮೂಲೆಯಲ್ಲಿ ಸ್ವಲ್ಪ ಉಳಿದರೆ ತಲೆಬಿಸಿ ಮಾಡಬೇಡಿ, ವಸಂತಕಾಲದಲ್ಲಿ ತಾನೇ ಹೋಗ್ತದೆ ಅಂತ. ನಮ್ಮದು ಯಾವ ಕಾಲದಲ್ಲಿ ಹೋಗ್ತದೆ?"

ಇವರು ಕೇಳಿಸಿಕೊಳ್ಳಲಿಲ್ಲ. ವಿಡಿಯೊದವನನ್ನು ಆಗಲೇ ಗುರು ಎಂದು ಒಪ್ಪಿಯಾಗಿತ್ತು. ಗುರುವಿನ ಮೊದಲನೆಯ ಸೂಚನೆ: ಎಂಜಿನ್ ಹೆಪ್ಪುಗಟ್ಟಿರುತ್ತದೆ, ಹೊರಡುವ ಮೊದಲು ಹತ್ತು ನಿಮಿಷ ಬಿಸಿ ಮಾಡಿ. ಅದು ಜುಲೈ ತಿಂಗಳು. ಟ್ರ್ಯಾಕ್ಟರ್ ಬೆಳಗಿನಿಂದ ಬಿಸಿಲಿನಲ್ಲಿ ನಿಂತಿತ್ತು; ಅದರ ಬಾನೆಟ್ಟಿನ ಮೇಲೆ ನೀರ್‌ದೋಸೆ ಹುಯ್ಯಬಹುದಿತ್ತು. ಆದರೂ ಇವರು ಗಡಿಯಾರ ನೋಡಿ ಹತ್ತು ನಿಮಿಷ ಎಂಜಿನ್ ಬಿಸಿ ಮಾಡಿದರು. ಆಮೇಲೆ ಬಿಸ್ಮಿಲ್ಲಾ ಹೇಳಿ ಸೀಟಿನ ಮೇಲೆ ಕೂತರು.

ಪುಸ್ತಕದಲ್ಲಿ ಬರೆದಿದ್ದೇನೆ: ಕೂರಲು ಹಿಡಿದ ಸಮಯ ನಾಲ್ಕು ಸೆಕೆಂಡು, ಏಳಲು ಹಿಡಿದದ್ದು ಅರ್ಧ.

ಗೇಟಿನ ಆಚೆ

ಮೊದಲ ಉಪಕರಣ ಸರಳವಾಗಿತ್ತು. ಹಳೆಯ ಎಣ್ಣೆ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಅರ್ಧ ತೊಟ್ಟಿಯ ಹಾಗೆ ಮಾಡಿ, ಟ್ರ್ಯಾಕ್ಟರಿನ ಮುಂದೆ ಬೆಸುಗೆ ಹಾಕಿದ್ದು. ಮರಳನ್ನು ಅದು ತಳ್ಳಿಕೊಂಡು ಹೋಗುತ್ತದೆ. ಗುರುವಿನ ವಿಡಿಯೊದಲ್ಲಿ ಹಾಗೆಯೇ ಇತ್ತು.

ಸೆಖೆ ಸ್ವಲ್ಪ ಇಳಿದ ಒಂದು ಸಂಜೆ ಇವರು ಮಜ್ಲಿಸ್ ಬಾಗಿಲಿನಿಂದ ಶುರು ಮಾಡಿದರು. ಒಂದು ಸುತ್ತು ಹೋದರು, ಎರಡು ಸುತ್ತು ಹೋದರು. ಹಿಂದೆ ನೆಲದ ಹಾಸುಗಲ್ಲು ಕಾಣಿಸಿತು. ಕಾವಲುಗಾರ ಹೋದ ಮೇಲೆ ಆ ಹಾಸುಗಲ್ಲಿನ ಬಣ್ಣ ನಾನು ಅಂದೇ ನೋಡಿದ್ದು. ಮನಸ್ಸಿನಲ್ಲೇ ಕರಿಬೇವಿಗೆ, ಇನ್ನು ಹೆದರಬೇಡ ಎಂದು ಹೇಳಿದೆ.

ತೊಂದರೆ ಏನೆಂದರೆ, ತಳ್ಳಿದ್ದೆಲ್ಲ ಎಲ್ಲಿಗೋ ಹೋಗಬೇಕಲ್ಲ. ಗುರುವಿನ ಮನೆಗೆ ಗೇಟ್ ಇರಲಿಲ್ಲ, ಕಾಂಪೌಂಡೂ ಇರಲಿಲ್ಲ. ನಮಗೆ ಎರಡೂ ಇದ್ದವು. ಮರಳು ಗೇಟಿನವರೆಗೆ ಮರ್ಯಾದೆಯಿಂದ ಹೋಯಿತು. ಗೇಟು ದಾಟಿದ ಕೂಡಲೇ ರಸ್ತೆಯ ಅಂಚಿನ ಕಟ್ಟೆಗೆ ತಾಗಿ ನಿಂತಿತು. ಅದರ ಹಿಂದೆ ಇನ್ನಷ್ಟು ಬಂತು. ಇವರು ಹುರುಪಿನಲ್ಲಿ ಮತ್ತೆ ಮತ್ತೆ ತಳ್ಳಿದರು. ಕೊನೆಯ ಸುತ್ತಿನಲ್ಲಿ ಟ್ರ್ಯಾಕ್ಟರ್ ರಾಶಿಯ ತುದಿ ಹತ್ತಿ, ಅಲ್ಲೇ ಮೂತಿ ಮೇಲೆತ್ತಿ ಕೂತಿತು. ಇವರು ಅದರ ಮೇಲೆ.

ಅಷ್ಟರಲ್ಲಿ ಮಗನ ಫೋನ್ ಬಂತು. ಆಫೀಸಿನಿಂದ ಬಂದಿದ್ದ.

"ಉಮ್ಮಾ, ನಮ್ಮ ಗೇಟ್ ಎಲ್ಲಿ?"

"ಅಲ್ಲೇ ಉಂಟು. ಅದರ ಎದುರು ರಾಶಿ ಉಂಟು."

"ರಾಶಿಯ ಮೇಲೆ ಯಾರು ಕೂತದ್ದು?"

"ನಿನ್ನ ಉಪ್ಪ."

ಅವನು ಫೋನ್ ಇಟ್ಟ. ಆಮೇಲೆ ಕಾರನ್ನು ಮೂರು ಬೀದಿ ಆಚೆ ನಿಲ್ಲಿಸಿ, ಲ್ಯಾಪ್‌ಟಾಪ್ ತಲೆಯ ಮೇಲಿಟ್ಟುಕೊಂಡು, ರಾಶಿ ಹತ್ತಿ ಇಳಿದು ಮನೆಗೆ ಬಂದ. ಶೂಗಳನ್ನು ಬೋರಲು ಹಾಕಿ ಮರಳು ಸುರಿಯುತ್ತ ಹೇಳಿದ:

"ಉಪ್ಪಾ, ಮರಳು ಇದ್ದಾಗ ಕಾರು ಒಳಗೆ ಬರ್ತಿತ್ತು. ನೀವು ಮರಳು ತೆಗೆದ ಮೇಲೆ ನಾನೇ ಬರ್ಲಿಕ್ಕೆ ಕಷ್ಟ ಆಯ್ತು."

ಸ್ಥಳೀಯ ಬಿರುಗಾಳಿ

ಹಾಗಾಗಿ ತಳ್ಳುವುದು ಸಾಲದು, ಎಸೆಯಬೇಕು ಎಂದು ತೀರ್ಮಾನವಾಯಿತು. ರಸ್ತೆಯ ಆಚೆ ದೊಡ್ಡ ಖಾಲಿ ಜಾಗ ಇತ್ತು. ಅಲ್ಲಿಗೆ ಮರಳು ಹಾರಿಹೋಗಿ ಬಿದ್ದರೆ ಯಾರಿಗೂ ನಷ್ಟವಿಲ್ಲ.

ಇವರು ಎರಡು ತಿಂಗಳು ಶೆಡ್ಡಿನಿಂದ ಊಟಕ್ಕೆ ಮಾತ್ರ ಹೊರಗೆ ಬಂದರು. ಗೋದಾಮಿನ ಹಳೆಯ ಕನ್ವೇಯರಿನಿಂದ ತಿರುಪಿನಂಥ ದೊಡ್ಡ ಕಬ್ಬಿಣದ ಸುರುಳಿ ಬಂತು. ಅದನ್ನು ಹುಲ್ಲಿನ ಬ್ಲೇಡ್ ತಿರುಗಿಸುತ್ತಿದ್ದ ಬೆಲ್ಟಿಗೆ ಕಟ್ಟಿದರು. ಸುರುಳಿ ತಿರುಗಿದರೆ ಮರಳು ನಡುವಿಗೆ ಬರಬೇಕು, ಅಲ್ಲಿ ಒಂದು ಪಂಖ ಅದನ್ನು ಮೇಲೆ ಹೊಡೆಯಬೇಕು, ಏಸಿಯ ತಗಡಿನ ಕೊಳವೆಯಿಂದ ಅದು ಹೊರಗೆ ಹಾರಬೇಕು. ಕೊಳವೆಯನ್ನು ಬೇಕಾದ ಕಡೆ ತಿರುಗಿಸಲು ಒಂದು ಹಗ್ಗ. ಬೇಡದ ಕಡೆಗೂ ಅದೇ ಹಗ್ಗ.

ಎಂಜಿನ್ ಚಾಲೂ ಆಯಿತು. ಸುರುಳಿ ತಿರುಗಿತು. ಮರಳು ನಿಜವಾಗಿಯೂ ಎದ್ದಿತು. ಮನೆಯಷ್ಟು ಎತ್ತರಕ್ಕೆ, ಸಂಜೆಯ ಬಿಸಿಲಿಗೆ ಹೊಳೆಯುತ್ತ, ಕಾರಂಜಿಯೇ. ಇವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಇವರು ನನಗೆ ಹುಬ್ಬು ಹಾರಿಸಿದ್ದು ಅದು ಎರಡನೇ ಸಲ.

ಖಾಲಿ ಜಾಗ ಇರುವುದು ವಾಯವ್ಯಕ್ಕೆ. ಇಲ್ಲಿ ಸಂಜೆಯ ಗಾಳಿ ಬೀಸುವುದೂ ವಾಯವ್ಯದಿಂದ. ಮರಳು ರಸ್ತೆಯ ನಡುವಿನವರೆಗೆ ಹೋಯಿತು, ಅಲ್ಲಿ ಗಾಳಿಯನ್ನು ಭೇಟಿಯಾಯಿತು, ಸ್ವಲ್ಪ ಯೋಚಿಸಿತು, ವಾಪಸ್ ಬಂತು. ಇವರು ಮುಂದೆ ಹೋದ ಹಾಗೆ ಹಿಂದಿನ ಜಾಗ ಮತ್ತೆ ಮುಚ್ಚುತ್ತ ಬಂತು. ಒಂದು ಗಂಟೆಯ ಮೇಲೆ ನಾನು ಸ್ಕೇಲ್ ಊರಿ ಅಳೆದೆ. ಮರಳಿನ ಮಟ್ಟ ಮೊದಲು ಎಷ್ಟಿತ್ತೋ ಅಷ್ಟೇ, ಒಂದು ನೂಲಿನಷ್ಟು ಕಡಿಮೆ. ಆ ಒಂದು ನೂಲು ಇವರ ಗಡ್ಡದಲ್ಲಿ ಸಿಕ್ಕಿತು. ದ್ರವ್ಯ ನಾಶವಾಗುವುದಿಲ್ಲ ಎಂದು ಕಾಲೇಜಿನಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ಅಂದೇ.

ಪಕ್ಕದ ವಿಲ್ಲಾದಲ್ಲಿ ಈಜಿಪ್ಟಿನ ಗಣಿತದ ಮೇಷ್ಟ್ರು ಇದ್ದರು. ಪಾಪ, ಬಹಳ ಸಭ್ಯರು. ಕಾರು ತೊಳೆದು ಒರೆಸಿ, ಹೆಂಡತಿ ಮಕ್ಕಳನ್ನು ಸಮುದ್ರದ ಕಡೆ ಕರೆದುಕೊಂಡು ಹೋಗಲು ಹೊರಟಿದ್ದರು. ಅವರ ದನಿ ಕಾಂಪೌಂಡಿನ ಆಚೆಯಿಂದ ಕೇಳಿತು. ಬಿರುಗಾಳಿ ಬಂದಿದೆ, ಬಟ್ಟೆ ಒಳಗೆ ತೆಗೆ, ಕಿಟಕಿ ಹಾಕು ಎಂದು ಹೆಂಡತಿಗೆ ಕೂಗುತ್ತಿದ್ದರು. ಮಕ್ಕಳು ಅತ್ತವು. ಪ್ರವಾಸ ರದ್ದಾಯಿತು. ನಮಗೆ ಹೋಗಿ ಹೇಳಲು ಧೈರ್ಯ ಬರಲಿಲ್ಲ. ಮರುದಿನ ಒಂದು ದೊಡ್ಡ ಕಟ್ಟು ಕರಿಬೇವು ಕಳಿಸಿದೆ. ಅವರಿಗೆ ಅದನ್ನು ಏನು ಮಾಡಬೇಕೆಂದೇ ಗೊತ್ತಿರಲಿಲ್ಲವಂತೆ.

ಆದರೆ ಮೇಷ್ಟ್ರು ಅರ್ಬಾಬ್ ಅವರಿಗೂ ಪರಿಚಿತರು. ಬಿರುಗಾಳಿಯ ಸಂಜೆಯೇ, ಅರ್ಧ ಗಂಟೆಯಲ್ಲಿ, ಅರ್ಬಾಬ್ ಫೋನ್ ಮಾಡಿದ್ದರು.

"ಬನಿಯಾಸಿನಲ್ಲಿ ಭಾರಿ ಬಿರುಗಾಳಿ ಅಂತಲ್ಲ? ಇಲ್ಲಿ ಪಟ್ಟಣದಲ್ಲಿ ಎಲೆಯೂ ಅಲ್ಲಾಡುತ್ತಿಲ್ಲ."

ಇವರು ಬಾಯಿಯಲ್ಲಿದ್ದ ಮರಳನ್ನು ಒಂದು ಕಡೆ ಮಾಡಿಕೊಂಡು ಹೇಳಿದರು, "ಸ್ವಲ್ಪ ಉಂಟು ಅರ್ಬಾಬ್. ನಮ್ಮ ಕಾಂಪೌಂಡಿನಷ್ಟೇ."

ನಲವತ್ತು ಹಿಡಿಸೂಡಿ

ಗಾಳಿ ಇಲ್ಲದ ಬೆಳಗಿನ ಹೊತ್ತಿನಲ್ಲಿ ಎಸೆಯಬೇಕು ಎಂದು ನಾನು ಬರೆದುಕೊಟ್ಟೆ. ಬೆಳಿಗ್ಗೆ ಯಂತ್ರ ಪರವಾಗಿಲ್ಲ ಎನ್ನುವಷ್ಟು ನಡೆಯಿತು. ಆದರೆ ಹಾಸುಗಲ್ಲಿನ ಮೇಲೆ ತೆಳ್ಳಗೆ ಒಂದು ಪದರ ಉಳಿಯುತ್ತಿತ್ತು. ಅದಕ್ಕೆ ತಿರುಗುವ ಪೊರಕೆ ಬೇಕು. ಗುರು ಪ್ಲಾಸ್ಟಿಕ್ಕಿನದು ಹಾಕಿದ್ದ. ಇಲ್ಲಿಯ ನೆಲದ ಕಾವಿಗೆ ಪ್ಲಾಸ್ಟಿಕ್ ಎಳೆಗಳು ಶ್ಯಾವಿಗೆಯ ಹಾಗೆ ಮೆತ್ತಗಾಗಿ ಮಲಗಿದವು.

"ತೆಂಗಿನ ಕಡ್ಡಿಯ ಹಿಡಿಸೂಡಿಯೇ ಆಗಬೇಕು. ನಲವತ್ತು ಬೇಕು," ಎಂದರು ಇವರು.

ಊರಿನಿಂದ ಬರುವವರ ಹತ್ತಿರ ಹಿಡಿಸೂಡಿ ತರಿಸುವುದು ನಮಗೆಲ್ಲ ವಾಡಿಕೆಯೇ. ಕುಚ್ಚಲಕ್ಕಿ, ಹಪ್ಪಳ, ಹಿಡಿಸೂಡಿ ಇಲ್ಲದೆ ಮಂಗಳೂರಿನ ಪೆಟ್ಟಿಗೆ ತುಂಬುವುದಿಲ್ಲ. ಆದರೆ ಒಂದೋ ಎರಡೋ. ಆ ವಾರ ಉಡುಪಿಯಿಂದ ನನ್ನ ತಮ್ಮ ವಿಸಿಟ್ ವೀಸಾದಲ್ಲಿ ಬರುವವನಿದ್ದ. ಅವನ ಪೆಟ್ಟಿಗೆಗಳಿಂದ ಬಟ್ಟೆಯೆಲ್ಲ ತೆಗೆಸಿ ನಲವತ್ತು ಹಿಡಿಸೂಡಿ ಕಟ್ಟಿಸಿದೆವು. ಬಟ್ಟೆ ಬೇಕಾದರೆ ಭಾವನದು ಹಾಕಿಕೋ ಎಂದೆ.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಎರಡೂ ಪೆಟ್ಟಿಗೆ ತೆರೆಸಿದರಂತೆ. ಅವರೂ ಹಿಂದಿ ಬಲ್ಲವರೇ.

"ಇದೇನು?"

"ಪೊರಕೆ, ಸರ್."

"ಇನ್ನೊಂದು ಪೆಟ್ಟಿಗೆಯಲ್ಲಿ?"

"ಅದೂ ಪೊರಕೆ."

"ಬಟ್ಟೆ?"

"ಭಾವನದು ಹಾಕ್ತೇನೆ."

"ಇಷ್ಟು ಪೊರಕೆ ಯಾರಿಗೆ?"

"ಅಕ್ಕನಿಗೆ. ಅವರ ಮನೆಯ ಹತ್ತಿರ ಮರಳು ಜಾಸ್ತಿ."

ಅಧಿಕಾರಿ ಗಾಜಿನ ಆಚೆ ಕಾಣುವ ಮರುಭೂಮಿಯನ್ನು ಒಮ್ಮೆ ನೋಡಿದರಂತೆ, ನನ್ನ ತಮ್ಮನನ್ನು ಒಮ್ಮೆ ನೋಡಿದರಂತೆ. "ಹೋಗಿ. ನಮ್ಮ ಮನೆಯ ಕಡೆ ಬರುವಾಗ ಹೇಳಿ," ಎಂದರಂತೆ.

ನಲವತ್ತನ್ನೂ ಒಂದು ಪೈಪಿನ ಸುತ್ತ ಕಟ್ಟಿ ತಿರುಗಿಸಿದಾಗ ಅದು ದೊಡ್ಡ ಮುಳ್ಳುಹಂದಿಯ ಹಾಗೆ ಕಂಡಿತು. ಕೆಲಸವನ್ನೂ ಮುಳ್ಳುಹಂದಿಯದೇ ಮಾಡಿತು. ಕಟ್ಟು ಸಡಿಲಾಗಿ ಕಡ್ಡಿಗಳು ನಾಲ್ಕೂ ದಿಕ್ಕಿಗೆ ಬಾಣದ ಹಾಗೆ ಹಾರತೊಡಗಿದವು. ನಾನು ಕಂಬದ ಹಿಂದೆ ನಿಂತೆ. ತಮ್ಮ ಭಾವನ ಪ್ಯಾಂಟನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಓಡಿದ. ಸೊಸೆ ಅಕ್ಕಿ ಕೇರುವ ತಡ್ಪೆಯನ್ನು ಗುರಾಣಿಯ ಹಾಗೆ ಹಿಡಿದು ಅಡುಗೆಮನೆಯಿಂದ ಬಂದಳು.

"ಮಾಮಾ, ನಿಲ್ಲಿಸಿ. ನಾಳೆ ಶಾಲೆಯಲ್ಲಿ ಎಂತ ಆಯ್ತು ಅಂತ ಕೇಳಿದರೆ ಪೊರಕೆ ಕಚ್ಚಿತು ಅಂತ ರಜೆಚೀಟಿ ಬರೀಲಿಕ್ಕೆ ಆಗ್ತದಾ?"

ಬೆಳಿಗ್ಗೆ ಎದ್ದು ಮನೆಗೆ ಬಂದವರ ಕಣ್ಣಿಗೆ ಪೊರಕೆ ಬೀಳಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಸರಿಯಾಗಿ ಆ ಹೊತ್ತಿಗೆ ಭಟ್ಕಳದ ಇಬ್ಬರು ಹೆಂಗಸರು ಕರಿಬೇವು ಕೇಳಲು ಗೇಟು ತೆರೆದರು. ಅವರನ್ನು ಪೊರಕೆ ಗೇಟಿನವರೆಗೆ ಬಂದು ಎದುರುಗೊಂಡಿತು. ಆಮೇಲೆ ಒಂದು ತಿಂಗಳು ಅವರು ಕರಿಬೇವಿಲ್ಲದೆ ಒಗ್ಗರಣೆ ಹಾಕಿದರು ಎಂದು ಕೇಳಿದೆ.

ಸರಿಯಾಗಿ ನಡೆದ ದಿನ

ಸೈಕಲ್ ಟ್ಯೂಬು ಬಿಗಿದು ಕಡ್ಡಿಗಳನ್ನು ಹದಕ್ಕೆ ತಂದರು. ಮುಂದೆ ಅರ್ಧ ಡ್ರಮ್, ನಡುವೆ ಎಸೆಯುವ ಸುರುಳಿ, ಹಿಂದೆ ಪೊರಕೆ. ಯಂತ್ರ ಪೂರ್ತಿಯಾಗುವ ಹೊತ್ತಿಗೆ ಚಳಿಗಾಲ ಬಂತು. ಅರ್ಬಾಬ್ ಅವರ ಫೋನೂ ಬಂತು.

"ಶುಕ್ರವಾರ ಸಂಜೆ ಬರುತ್ತೇನೆ. ಗೆಳೆಯರು ಇದ್ದಾರೆ. ಚಿಕ್ಕಪ್ಪನ ಮಗನೂ ಬರುತ್ತಾನೆ. ಮಜ್ಲಿಸಿನ ಎದುರು ಕೂರುತ್ತೇವೆ. ಮನೆಯ ಮಾತನ್ನೂ ಅಂದೇ ಮುಗಿಸೋಣ."

ಗುರುವಾರ ನಾವೆಲ್ಲ ದುಬೈಯ ಊದ್ ಮೇಥಾಕ್ಕೆ ಮಗಳ ಮನೆಗೆ ಹೋಗಬೇಕಾಗಿತ್ತು. ಹೋಗುವಾಗ ಅಂಗಳ ತಕ್ಕಮಟ್ಟಿಗೆ ಸ್ವಚ್ಛವಾಗಿಯೇ ಇತ್ತು. ಶುಕ್ರವಾರ ಬೆಳಿಗ್ಗೆ ವಾಪಸ್ ಬಂದು ಗೇಟು ತೆರೆದೆವು. ಮಜ್ಲಿಸಿನ ಎದುರು ಒಂದಡಿ ಮರಳು. ಆವರೆಗೆ ಅಷ್ಟು ಮರಳು ಒಮ್ಮೆಗೇ ಬಂದದ್ದಿಲ್ಲ. ಅದೂ ಕೆಂಪು ಮರಳು.

"ಒಂದೇ ದಿನದಲ್ಲಿ ಇಷ್ಟಾ?" ಎಂದ ಮಗ.

ಎಲ್ಲರೂ ನನ್ನ ಮುಖ ನೋಡಿದರು. ನಾನು ಪುಸ್ತಕ ತೆಗೆದು, ಒಂದು ಚಿಟಿಕೆ ಮರಳನ್ನು ಅಂಗೈಯಲ್ಲಿ ಹಾಕಿ ಉಜ್ಜಿ ನೋಡಿ, ಬರೆದೆ. ಬಣ್ಣ ಕೆಂಪು. ಕಣಗಳು ಒಂದೇ ಗಾತ್ರದವು, ಕಲ್ಲು ಕಸ ಇಲ್ಲ. ನಿನ್ನೆ ರೇಡಿಯೊದಲ್ಲಿ ದಕ್ಷಿಣದ ಗಾಳಿ ಎಂದಿದ್ದರು. ಆದ್ದರಿಂದ ಇದು ದಕ್ಷಿಣದ ದೊಡ್ಡ ಮರುಭೂಮಿಯಿಂದ ಗಾಳಿಯಲ್ಲಿ ಬಂದದ್ದು. ಭಾರದ ಕಣಗಳು ದಾರಿಯಲ್ಲೇ ಉದುರಿರುವುದರಿಂದ ಜರಡಿ ಹಿಡಿದಷ್ಟು ನಯವಾಗಿದೆ. ಎರಡೂ ಬದಿ ಗೋಡೆ ಇರುವುದರಿಂದ ಹಾಸಿಗೆ ಹಾಸಿದಷ್ಟು ಸಮತಟ್ಟಾಗಿ ಕೂತಿದೆ. ಪ್ರಕೃತಿಯ ಶಿಸ್ತು ಆಶ್ಚರ್ಯಕರ.

"ಓದಿದವರು ಓದಿದವರೇ," ಎಂದರು ಇವರು, ಟ್ರ್ಯಾಕ್ಟರ್ ಹತ್ತುತ್ತ.

ಆ ದಿನ ಯಂತ್ರ ನಡೆದ ಹಾಗೆ ಮೊದಲೂ ನಡೆದಿರಲಿಲ್ಲ, ಆಮೇಲೂ ನಡೆದಿಲ್ಲ. ಗಾಳಿ ಇರಲಿಲ್ಲ. ಕೊಳವೆ ಹೇಳಿದ ಕಡೆಗೆ ತಿರುಗಿತು. ಪೊರಕೆಯಿಂದ ಒಂದು ಕಡ್ಡಿಯೂ ಹಾರಲಿಲ್ಲ. ಕೆಂಪು ಮರಳು ರಸ್ತೆಯ ಮೇಲೆ ಕಮಾನು ಕಟ್ಟಿ ಆಚೆಯ ಖಾಲಿ ಜಾಗಕ್ಕೆ ಹೋಗಿ ಬಿತ್ತು. ಜುಮಾ ನಮಾಜಿಗೆ ಮುಂಚೆ ಕೆಲಸ ಖಲಾಸ್. ಸೊಸೆ ಪೈಪು ಹಿಡಿದು ಹಾಸುಗಲ್ಲನ್ನು ತೊಳೆದಳು. ಮಗ ಒರೆಸಿದ. ನಾನು ಬಿರಿಯಾನಿಗೆ ಇಟ್ಟೆ. ಗೆದ್ದೆವು ಎಂದು ಎಲ್ಲರಿಗೂ ಒಳಗೊಳಗೇ ಗೊತ್ತಾಗಿತ್ತು.

ಸಂಜೆ ಸೊಸೆ ಹಾಸುಗಲ್ಲಿಗೆ ಇನ್ನೊಮ್ಮೆ ನೀರು ಹಾಯಿಸುತ್ತಿರುವಾಗಲೇ ಮೂರು ದೊಡ್ಡ ಕಾರುಗಳು ಬಂದವು. ಕೆಲಸದವರು ಕಂಬಳಿ, ದಿಂಬು, ಕಟ್ಟಿಗೆ, ಕಾಫಿಯ ಹೂಜಿ ಇಳಿಸಿದರು. ಅರ್ಬಾಬ್ ಕಾರಿನಿಂದ ಇಳಿದು, ಗೇಟಿನ ಹತ್ತಿರ ಚಪ್ಪಲಿ ಬಿಟ್ಟು, ಕಣ್ಣು ಅರೆಮುಚ್ಚಿ, ಬರಿಗಾಲನ್ನು ಸುಖವಾಗಿ ಮುಂದೆ ಇಟ್ಟರು. ಒದ್ದೆ ಹಾಸುಗಲ್ಲು. ಕಾಲನ್ನು ವಾಪಸ್ ಎತ್ತಿಕೊಂಡರು. ಕಣ್ಣು ಪೂರ್ತಿ ತೆರೆದರು.

"ಎಲ್ಲಿ?" ಎಂದರು.

ಇವರು ಹೊಸ ಅಂಗಿಯಲ್ಲಿ ಮುಂದೆ ಬಂದರು. "ಖಲಾಸ್, ಅರ್ಬಾಬ್. ಮರಳು ಮಾಫಿ, ಇಲ್ಲವೇ ಇಲ್ಲ. ಒಂದು ಕಣ ಇಲ್ಲ, ಬೇಕಾದರೆ ಕೈಯಿಂದ ಒರೆಸಿ ನೋಡಿ."

ಅರ್ಬಾಬ್ ನಿಧಾನವಾಗಿ ಹೇಳಿದರು: "ನಿನ್ನೆ ಎರಡು ಲಾರಿ ಮರಳು ಹಾಕಿಸಿದ್ದೆ. ಅಲ್ ಐನ್ ಕಡೆಯ ಕೆಂಪು ಮರಳು. ಜರಡಿ ಹಿಡಿಸಿ ತರಿಸಿದ್ದು. ಚಳಿಗಾಲದಲ್ಲಿ ಸ್ವಚ್ಛ ಮರಳಿನ ಮೇಲೆ ಬೆಂಕಿ ಹಾಕಿಕೊಂಡು ಕೂರುವುದು ನಮ್ಮ ಅಪ್ಪನ ಕಾಲದಿಂದ ಬಂದದ್ದು. ಇಷ್ಟು ವರ್ಷ ಮರುಭೂಮಿಗೇ ಹೋಗುತ್ತಿದ್ದೆವು, ಈ ವರ್ಷ ಇಲ್ಲೇ ಕೂರೋಣ ಅಂದುಕೊಂಡೆ."

ಸೊಸೆ ನಲ್ಲಿ ಮುಚ್ಚಿದಳು. ಅವಳ ಕೈಯಲ್ಲಿದ್ದ ಪೈಪಿನಿಂದ ಕೊನೆಯ ನಾಲ್ಕು ಹನಿ ಬಿದ್ದವು. ಮೂವತ್ತು ವರ್ಷದಿಂದ ಈ ದೇಶದಲ್ಲಿ ಮನೆ ಬಾಗಿಲಿನಿಂದ ಮರಳು ಗುಡಿಸುತ್ತಲೇ ಬಂದವರು ನಾವು. ಒಬ್ಬರು ಅದನ್ನು ಬೇಕೆಂದು ತರಿಸಿ ಹಾಸಿಕೊಳ್ಳುತ್ತಾರೆ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಚಿಕ್ಕಪ್ಪನ ಮಗ ಬಿಳಿಬಿಳಿ ಕಂದೂರಾದಲ್ಲಿ ನಿಂತಿದ್ದ. ಆ ಉದ್ದ ನಿಲುವಂಗಿಯಲ್ಲಿ ಒಂದು ಸುಕ್ಕು ಇರಲಿಲ್ಲ. ಅವನ ಮುಖದಲ್ಲಿ ಆಗಲೇ ಮನೆಯ ಬೀಗದಕೈ ಸಿಕ್ಕಿದ ಕಳೆ. ನನಗೆ ಕರಿಬೇವು ಕಣ್ಣೆದುರು ಬಂತು. ಹೇಗಾದರೂ ನಮ್ಮ ಪ್ರಾಮಾಣಿಕತೆ ತಿಳಿಯಲಿ ಎಂದು ಪುಸ್ತಕ ತೆರೆದು, ಬೆಳಿಗ್ಗೆ ಬರೆದದ್ದನ್ನು ಹಿಂದಿಗೆ ಮಾಡಿ ಓದಿದೆ. ದಕ್ಷಿಣದ ಗಾಳಿ, ದಾರಿಯಲ್ಲಿ ಉದುರಿದ ಕಣ, ಪ್ರಕೃತಿಯ ಶಿಸ್ತು, ಒಂದನ್ನೂ ಬಿಡಲಿಲ್ಲ. ಅರ್ಬಾಬ್ ತಲೆ ತಗ್ಗಿಸಿ ಪೂರ್ತಿ ಕೇಳಿದರು. ಆಮೇಲೆ ತಿರುಗಿ, ಹಿಂದಿನ ದಿನ ಲಾರಿ ತಂದಿದ್ದ ತಮ್ಮ ಡ್ರೈವರನ್ನು ಕರೆದರು.

"ಇಲ್ಲಿ ಬಾ, ದಕ್ಷಿಣದ ಗಾಳಿ. ಇವರಿಗೆ ಸಲಾಂ ಹೇಳು."

ಅವರ ಹೊಟ್ಟೆ ಮೊದಲು ಅಲುಗಾಡಿತು, ಆಮೇಲೆ ಭುಜ, ಕೊನೆಗೆ ಗಡ್ಡ. ನಕ್ಕು ನಕ್ಕು ಗೋಡೆ ಹಿಡಿದುಕೊಂಡರು. ಗೆಳೆಯರೂ ನಕ್ಕರು. ನಗದವನು ಚಿಕ್ಕಪ್ಪನ ಮಗ ಒಬ್ಬನೇ.

"ಎರಡು ಲಾರಿ ಮರಳನ್ನು ಒಂದು ಬೆಳಿಗ್ಗೆಯಲ್ಲಿ ರಸ್ತೆ ದಾಟಿಸಿದ ಯಂತ್ರ ಎಲ್ಲಿದೆ? ಯಲ್ಲಾ, ನಡೆಯಿರಿ, ತೋರಿಸಿ," ಎಂದರು ಅರ್ಬಾಬ್.

ಎಲ್ಲರೂ ಖಾಲಿ ಜಾಗಕ್ಕೆ ಹೋದೆವು. ಕೆಂಪು ಮರಳು ಅಲ್ಲಿ ಒಳ್ಳೆಯ ದಿಬ್ಬವಾಗಿ ಕೂತಿತ್ತು. ಇವರು ಎರಡು ಗಜ ಓಡಿಸಿ ತೋರಿಸಿದರು. ಅಷ್ಟರಲ್ಲಿ ಅರ್ಬಾಬ್, ಇಳಿ ಇಳಿ ಎಂದು ತಾವೇ ಹತ್ತಿ ಕೂತರು. ಅರವತ್ತು ದಾಟಿದವರು, ಬರಿಗಾಲು, ತಲೆಯ ಬಟ್ಟೆಯನ್ನು ಹಿಂದಕ್ಕೆ ಎಸೆದುಕೊಂಡು ದಿಬ್ಬಕ್ಕೆ ನುಗ್ಗಿಸಿದರು. ಮರಳು ಮೇಲೆದ್ದಿತು.

"ಹಗ್ಗ ಬಲಕ್ಕೆ ಎಳೆಯಿರಿ, ಅರ್ಬಾಬ್," ಎಂದು ಇವರು ಕೂಗಿದರು.

ಅರ್ಬಾಬ್ ಎಡಕ್ಕೆ ಎಳೆದರು. ಎಡಗಡೆ ಚಿಕ್ಕಪ್ಪನ ಮಗ ನಿಂತಿದ್ದ.

ಸುಮಾರು ಅರ್ಧ ನಿಮಿಷ ಅವನು ನಮಗೆ ಕಾಣಿಸಲಿಲ್ಲ. ಮತ್ತೆ ಕಂಡಾಗ ಅವನ ಬಟ್ಟೆಯ ಬಣ್ಣ ನಾನು ಬೆಳಿಗ್ಗೆ ಪುಸ್ತಕದಲ್ಲಿ ಬರೆದಿದ್ದ ಬಣ್ಣವೇ ಆಗಿತ್ತು. ಮೂಗಿನಿಂದ, ಕಿವಿಯಿಂದ, ಜೇಬಿನಿಂದ ಮರಳು ಸುರಿಯುತ್ತಿತ್ತು. ಅವನು ಅರಬಿಯಲ್ಲಿ ಏನೋ ಹೇಳಿದ. ಮಗನಿಗೆ ಅರಬಿ ಗೊತ್ತು, ಅವನು ಅರ್ಥ ಹೇಳಲಿಲ್ಲ. ಕಾರಿನಲ್ಲಿ ಸೀಟಿಗೆ ಮಣ್ಣಾಗುತ್ತದೆ ಎಂದು ನಿಂತುಕೊಂಡೇ ಹೋಗಲು ನೋಡಿ, ಆಗದೆ, ಒಂದು ಕಂಬಳಿ ಸುತ್ತಿಕೊಂಡು ಹೋದ. ಆ ಮನೆಯ ಸುದ್ದಿಯನ್ನು ಅವನು ಮತ್ತೆ ಎತ್ತಲಿಲ್ಲ.

ಉಳಿದ ಕಂಬಳಿಗಳನ್ನು ದಿಬ್ಬದ ಮೇಲೆ ಹಾಸಿ, ಬೆಂಕಿ ಹಾಕಿ, ಎಲ್ಲರೂ ಅಲ್ಲೇ ಕೂತು ನನ್ನ ಬಿರಿಯಾನಿ ತಿಂದರು. ಅರ್ಬಾಬ್ ಎರಡು ಸಲ ಹಾಕಿಸಿಕೊಂಡರು. ಏಳುವಾಗ, "ಮನೆ ನಿಮ್ಮದೇ. ಕಾಂಟ್ರಾಕ್ಟಿಗೆ ಒಂದು ಸ್ವಂತ ಷರತ್ತು ಸೇರಿಸುತ್ತೇನೆ, ಅಷ್ಟೇ," ಎಂದರು.

ಮುಂದಿನ ವಾರ ಕಾಗದಪತ್ರಕ್ಕೆ ನಾನೂ ಇವರೂ ಟೈಪಿಂಗ್ ಸೆಂಟರಿಗೆ ಹೋದೆವು. ಅಲ್ಲಿಯ ಮಲಯಾಳಿ ಅರ್ಬಾಬ್ ಕಳಿಸಿದ ಅರಬಿ ಕಾಗದವನ್ನು ಟೈಪ್ ಮಾಡುತ್ತ ಹೋದವನು, ಕೊನೆಯ ಸಾಲಿಗೆ ಬಂದು ಕೈ ನಿಲ್ಲಿಸಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿದ.

"ಇತ್ತಾ," ಎಂದ; ಅವರಲ್ಲಿ ಅಕ್ಕನಿಗೆ ಹಾಗೆನ್ನುವುದು. "ಇಪ್ಪತ್ತು ವರ್ಷದಿಂದ ನಾನು ಬಾಡಿಗೆ ಕಾಂಟ್ರಾಕ್ಟ್ ಟೈಪ್ ಮಾಡ್ತಾ ಇದ್ದೇನೆ. ಎಲ್ಲರಿಗೂ ಜಾಗ ಸ್ವಚ್ಛ ಇಡಬೇಕು ಅಂತ ಬರೀತಾರೆ. ನಿಮ್ಮದರಲ್ಲಿ ಮಾತ್ರ, ಬಾಡಿಗೆದಾರರು ಯಾವ ಕಾರಣಕ್ಕೂ ಸ್ವಚ್ಛ ಮಾಡಬಾರದು ಅಂತ ಉಂಟು. ನೀವು ಅಲ್ಲಿ ಎಂತ ಮಾಡಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಇವರು ಗಂಭೀರವಾಗಿ ಹೇಳಿದರು:

"ಸ್ವಚ್ಛ ಮಾಡಿದ್ದು."